ಹನ್ನೊಂದು ವರ್ಷ ನಿಂತ ಪದ್ಮಿನಿ: ಮೊದಲು ಏನನ್ನು ಮುಟ್ಟಬೇಕು?

ಪ್ರಶ್ನೆ: ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಬನಶಂಕರಿಯ ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಅಪ್ಪ ಹೋದ ಮೇಲೆ ಯಾರೂ ಮುಟ್ಟಿಲ್ಲ. ನಾನು ಇದುವರೆಗೆ ಸ್ಪಾನರ್ ಹಿಡಿದವನಲ್ಲ, ಆದರೆ ಕಲಿತು ನಾನೇ ಸರಿ ಮಾಡಬೇಕು ಅಂತ ಆಸೆ. ಗ್ಯಾರೇಜಿನವರು ಎಲ್ಲ ಬಿಚ್ಚಿ ಪೇಂಟ್ ಹೊಡೆಸಿ ಅಂತಾರೆ. ಪಕ್ಕದ ಮನೆಯವರು ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡಿ ಅಂತಾರೆ. ಎಲ್ಲಿಂದ ಶುರು ಮಾಡಲಿ? ಡಿಸೆಂಬರ್‌ನಲ್ಲಿ ಅಮ್ಮನ ಹುಟ್ಟುಹಬ್ಬ. ಅಷ್ಟರಲ್ಲಿ ಅವರನ್ನು ಒಂದು ಸುತ್ತು ಕೂರಿಸಿಕೊಂಡು ಹೋಗೋಕೆ ಆಗುತ್ತಾ?

ಉತ್ತರ: ಇಬ್ಬರ ಮಾತೂ ಬೇಡ. ಇವತ್ತು ಆರ್‌ಸಿ ಪುಸ್ತಕ ಹುಡುಕಿ. ಭಾನುವಾರ ಸ್ಪಾರ್ಕ್ ಪ್ಲಗ್ ಬಿಚ್ಚಿ ಇಂಜಿನ್ ಸಿಲಿಂಡರ್‌ಗಳಿಗೆ ಎಣ್ಣೆ ಬಿಡಿ. ಅದು ಒಳಗೆ ಇಳಿಯುವ ಹೊತ್ತಿಗೆ ಬ್ರೇಕ್ ಕೆಲಸಕ್ಕೆ ಕೈ ಹಾಕಿ. ಬಣ್ಣದ ಮಾತು ಎಲ್ಲಕ್ಕಿಂತ ಕೊನೆಗೆ.

ಪಕ್ಕದ ಮನೆಯವರ ಸಲಹೆಯಿಂದ ಶುರು ಮಾಡೋಣ, ಯಾಕೆಂದರೆ ಹಾನಿ ಜಾಸ್ತಿ ಆಗುವುದು ಅದರಿಂದಲೇ. ಇಷ್ಟು ವರ್ಷ ನಿಂತ ಇಂಜಿನ್‌ನಲ್ಲಿ ಎಣ್ಣೆ ಪೂರ್ತಿ ಕೆಳಗಿಳಿದು ಸಿಲಿಂಡರ್ ಗೋಡೆ ಒಣಗಿರುತ್ತದೆ. ಪಿಸ್ಟನ್ ರಿಂಗ್ ಗೋಡೆಗೆ ಕಚ್ಚಿಕೊಂಡಿರಬಹುದು. ವಾಲ್ವ್ ಒಂದು ತೆರೆದ ಜಾಗದಲ್ಲೇ ಹಿಡಿದುಕೊಂಡಿರಬಹುದು. ಆಗ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಅದರ ಬಲಕ್ಕೆ ರಿಂಗ್ ಮುರಿಯುತ್ತದೆ, ಇಲ್ಲವೇ ವಾಲ್ವ್ ಎತ್ತುವ ಪುಷ್ ರಾಡ್ ಬಗ್ಗುತ್ತದೆ. ಸಾವಿರ ರೂಪಾಯಿಯೊಳಗೆ ಮುಗಿಯಬೇಕಿದ್ದ ಕೆಲಸ ಇಂಜಿನ್ ಇಳಿಸುವ ಮಟ್ಟಕ್ಕೆ ಹೋಗುತ್ತದೆ.

ಇನ್ನು ಎಲ್ಲ ಬಿಚ್ಚುವ ಸಲಹೆ. ಅರ್ಧಕ್ಕೆ ನಿಂತ ಹಳೆ ಕಾರುಗಳನ್ನು ಬೆಂಗಳೂರಲ್ಲಿ ನಾನು ಸಾಕಷ್ಟು ನೋಡಿದ್ದೇನೆ. ಎಲ್ಲದರದ್ದೂ ಒಂದೇ ಕಥೆ. ಮೊದಲ ತಿಂಗಳ ಹುರುಪಿನಲ್ಲಿ ಬಾಗಿಲು, ಸೀಟು, ಗ್ಲಾಸು, ಡ್ಯಾಶ್‌ಬೋರ್ಡ್ ಎಲ್ಲ ಹೊರಗೆ ಬಂದವು. ಆಮೇಲೆ ಮಗಳ ಪರೀಕ್ಷೆ, ಆಫೀಸಿನ ಕೆಲಸ, ಮಳೆಗಾಲ. ಎರಡು ವರ್ಷದ ನಂತರ ಯಾವ ಬೋಲ್ಟ್ ಎಲ್ಲಿಯದು ಅಂತ ಬಿಚ್ಚಿದವರಿಗೇ ಗೊತ್ತಿಲ್ಲ. ಆ ಸ್ಥಿತಿಯಲ್ಲಿ ಅದನ್ನು ಕೊಳ್ಳುವವನು ಗುಜರಿಯವನು ಮಾತ್ರ. ಅದಕ್ಕೇ ಒಂದು ಸಲಕ್ಕೆ ಒಂದೇ ವಿಭಾಗ ಬಿಚ್ಚಿ, ಸರಿ ಮಾಡಿ, ವಾಪಸ್ ಜೋಡಿಸಿ. ಆಮೇಲೆ ಮುಂದಿನದು. ನಿಮ್ಮ ಗಾಡಿ ಯಾವತ್ತೂ ಗಾಡಿಯ ರೂಪದಲ್ಲೇ ಇರಲಿ.

ಪೇಂಟ್ ವಿಷಯದಲ್ಲಿ ನಾನೇ ಮಂಗ ಆಗಿದ್ದೇನೆ. ಸೋದರಮಾವನಿಂದ ಬಂದ 1978ರ ಪದ್ಮಿನಿಗೆ ಮೊದಲು ಬಣ್ಣ ಹೊಡೆಸಿದೆ. ತಿಳಿ ಹಸಿರು, ಕನ್ನಡಿ ಹಾಗೆ ಹೊಳೀತಿತ್ತು. ಮೂರು ವಾರದ ಮೇಲೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ತುಂಬಿಸುವಾಗ ಒಂದು ಚಮಚದಷ್ಟು ಮಡ್‌ಗಾರ್ಡ್ ಮೇಲೆ ಚೆಲ್ಲಿತು. ಬಟ್ಟೆಯಲ್ಲಿ ಒರೆಸಿ ಒಳಗೆ ಹೋದೆ. ಬೆಳಿಗ್ಗೆ ನೋಡಿದರೆ ಆ ಜಾಗದಲ್ಲಿ ಬಣ್ಣ ಕಾದ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಎದ್ದಿತ್ತು. ಬ್ರೇಕ್ ಆಯಿಲ್‌ಗೆ ಬಣ್ಣ ತಿನ್ನುವ ಗುಣ ಇದೆ. ಚೆಲ್ಲಿದ ತಕ್ಷಣ ನೀರು ಸುರಿದು ತೊಳೆಯಬೇಕು, ಒರೆಸಿದರೆ ಸಾಲದು. ಇದು ನನಗೆ ಗೊತ್ತಾಗಿದ್ದು ಹಾಗೆ.

ಸರಿ, ಭಾನುವಾರಕ್ಕೆ ಬರೋಣ. ಬಾನೆಟ್ ತೆಗೆದು ಏನನ್ನೂ ಮುಟ್ಟುವ ಮೊದಲು ಫೋನಿನಲ್ಲಿ ಐವತ್ತು ಫೋಟೊ ತೆಗೆಯಿರಿ. ಯಾವ ವೈರು ಎಲ್ಲಿಗೆ, ಯಾವ ಪೈಪು ಯಾವುದರ ಕೆಳಗೆ ಹೋಗುತ್ತದೆ ಅನ್ನುವುದೆಲ್ಲ ಕಾಣಬೇಕು. ಪ್ಲಗ್ ವೈರುಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ 1, 2, 3, 4 ಅಂತ ಬರೆಯಿರಿ. ಏರ್ ಕ್ಲೀನರ್ ತೆಗೆಯುವಾಗ ಕೈಗೆ ಗ್ಲೌಸ್ ಇರಲಿ. ನನ್ನದರಲ್ಲಿ ಇಲಿ ಗೂಡು ಕಟ್ಟಿತ್ತು. ಸೀಟಿನ ತೆಂಗಿನ ನಾರು, ಹೊಂಗೆ ಎಲೆ, ಯಾರದೋ ಲಗ್ನಪತ್ರಿಕೆಯ ಅರ್ಧ. ಇಲಿ ಇದ್ದರೆ ವೈರನ್ನೂ ಕಡಿದಿರುತ್ತದೆ. ಹಾಗಾಗಿ ವೈರಿಂಗ್ ಪೂರ್ತಿ ನೋಡದೆ ಬ್ಯಾಟರಿ ಕನೆಕ್ಷನ್ ಕೊಡಲೇಬೇಡಿ.

ನಾಲ್ಕೂ ಪ್ಲಗ್ ಬಿಚ್ಚಿ. ಪ್ರತಿ ತೂತಿಗೂ ಎರಡು ಚಮಚ ತೆಳು ಇಂಜಿನ್ ಆಯಿಲ್ ಬಿಡಿ. ಕೆಲವರು ಸ್ವಲ್ಪ ಡೀಸೆಲ್ ಬೆರೆಸುತ್ತಾರೆ, ಅದೂ ಸರಿ. ತೂತಿಗೆ ಬಟ್ಟೆ ತುರುಕಿ ಒಂದು ವಾರ ಬಿಡಿ. ಆಮೇಲೆ ಇಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಇದ್ದರೆ ಅದನ್ನು ಹಾಕಿ ಮೆಲ್ಲಗೆ ತಿರುಗಿಸಿ. ಇಲ್ಲದಿದ್ದರೆ ಟಾಪ್ ಗೇರ್ ಹಾಕಿ ಇಬ್ಬರು ಸೇರಿ ಗಾಡಿಯನ್ನು ಒಂದಡಿ ಹಿಂದಕ್ಕೆ, ಒಂದಡಿ ಮುಂದಕ್ಕೆ ತಳ್ಳಿ. ಫ್ಯಾನ್ ತಿರುಗಿದರೆ ಗೆದ್ದಿರಿ. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಟ್ಟು ಇನ್ನೊಂದು ವಾರ ಕಾಯಿರಿ. ನನ್ನ ಇಂಜಿನ್ ಮೂರನೇ ವಾರಕ್ಕೆ ಬಿಟ್ಟುಕೊಟ್ಟಿತು. ತಿರುಗಿದ ಮೇಲೆ ಹಳೆ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿಸಿ.

ಈಗ ಬ್ರೇಕ್. ಇದರ ಬಗ್ಗೆ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪದ್ಮಿನಿಯ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಅಂದರೆ ಒಳಗಿನ ಷೂ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಹಳೆ ಗಾಡಿಗಳಲ್ಲಿ ನಾಲ್ಕಕ್ಕೂ ಸೇರಿ ಒಂದೇ ಲೈನು. ಎಲ್ಲೇ ಒಂದು ಕಡೆ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆ ತೇವದಿಂದ, ಚಕ್ರದಲ್ಲಿ ಷೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ, ರಬ್ಬರ್ ಗಟ್ಟಿಯಾಗುತ್ತದೆ.

ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಸ್ಪ್ರಿಂಗ್ ಯಾವ ಕಡೆಗೆ ಅಂತ ಗೊಂದಲ ಆದರೆ ಇನ್ನೊಂದು ಬದಿಯ ಚಕ್ರದ ಡ್ರಮ್ ತೆಗೆದು ನೋಡಬಹುದು. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಷೂ ಡ್ರಮ್ಮಿಗೆ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಒಳಗಿನ ಧೂಳನ್ನು ಊದಬೇಡಿ. ಆ ಕಾಲದ ಷೂಗಳ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಎತ್ತಿ ನೋಡಿ. ಒದ್ದೆ ಇದ್ದರೆ ಸೋರಿದೆ ಅಂತ ಅರ್ಥ. ಒಣಗಿದ್ದರೂ ಒಳಗಿನ ರಬ್ಬರ್‌ಗಳ ಕಿಟ್ ಬದಲಿಸಿ, ದುಡ್ಡೇನೂ ಜಾಸ್ತಿ ಇಲ್ಲ. ಒಳಗಿನ ಗೋಡೆಗೆ ಉಗುರು ಆಡಿಸಿದಾಗ ಗುಳಿ ತಾಗಿದರೆ ಕಿಟ್ ಹಾಕಿ ಪ್ರಯೋಜನ ಇಲ್ಲ. ಲೇತ್‌ನವರ ಹತ್ತಿರ ಒಳಗೆ ಸ್ಲೀವ್ (ತೆಳು ಕೊಳವೆ) ಹಾಕಿಸಿ, ಇಲ್ಲವೇ ಸಿಲಿಂಡರನ್ನೇ ಬದಲಿಸಿ. ಒಂದು ಮಾತು ಮರೆಯಬೇಡಿ: ಈ ರಬ್ಬರ್‌ಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಉಬ್ಬಿ ಕೂರುತ್ತವೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕು. ಚಕ್ರಕ್ಕೆ ಹೋಗುವ ರಬ್ಬರ್ ಹೋಸ್‌ಗಳನ್ನೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತವೆ.

ಆಮೇಲೆ ಬ್ರೇಕ್ ಲೈನಿನೊಳಗಿನ ಏರ್ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ನನಗೆ ಸಿಕ್ಕಿದ್ದು ಅಮ್ಮ. ಅವರು ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು, ನಾನು ಹಿಂದಿನ ಎಡಚಕ್ರದ ಹತ್ತಿರ ಮಲಗಿದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು ಮಾಡುವುದು ವಾಡಿಕೆ. ಚಕ್ರದ ಹಿಂಬದಿಯ, ಏರ್ ಬಿಡುವ ನಿಪ್ಪಲ್‌ಗೆ ಸಣ್ಣ ಟ್ಯೂಬ್ ಹಾಕಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ ಇಟ್ಟೆ. "ಒತ್ತಮ್ಮಾ" ಅಂದಾಗ ಒತ್ತಬೇಕು. ನಾನು ನಿಪ್ಪಲ್ ಸಡಿಲ ಮಾಡುತ್ತೇನೆ, ಗುಳ್ಳೆ ಬುಳುಬುಳು ಅಂತ ಬರುತ್ತದೆ. ಬಿಗಿ ಮಾಡಿ "ಬಿಡು" ಅಂದ ಮೇಲೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ವಾಪಸ್ ಒಳಗೆ. ಎರಡು ಸಲ ಹಾಗೇ ಆಯಿತು, ಬೈಯೋ ಹಾಗೂ ಇಲ್ಲ. ನಡುನಡುವೆ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿ ಆಗದಂತೆ ತುಂಬಿಸುತ್ತಿರಬೇಕು. ನಾಲ್ಕನೇ ಚಕ್ರ ಮುಗಿಯುವ ಹೊತ್ತಿಗೆ ಅಮ್ಮನೇ ಹೇಳಿದರು: "ಈಗ ಗಟ್ಟಿ ಆಯ್ತು ಕಣೋ, ಕಲ್ಲು ತುಳಿದ ಹಾಗಿದೆ." ಹಾಗೇ ಇರಬೇಕು.

ಈಗ ಇಂಜಿನ್ ಸ್ಟಾರ್ಟ್ ಮಾಡಬಹುದು. ಟ್ಯಾಂಕಿನ ಹಳೆ ಪೆಟ್ರೋಲ್ ಅಂಟಾಗಿ, ವಾರ್ನಿಷ್ ವಾಸನೆ ಬರುತ್ತಿರುತ್ತದೆ. ಅದನ್ನು ಇಳಿಸಿ, ಟ್ಯಾಂಕ್ ಬಿಚ್ಚಿ ತೊಳೆಸಿ. ಅಲ್ಲಿಯವರೆಗೆ ಎಸಿ ಪಂಪ್‌ಗೆ (ಇಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪ್) ಹೋಗುವ ಪೈಪನ್ನು ಹೊಸ ಪೆಟ್ರೋಲ್ ಇರುವ ಸಣ್ಣ ಕ್ಯಾನ್‌ಗೆ ಕೊಟ್ಟು ನೋಡಿ. ಕ್ಯಾನ್ ಇಂಜಿನ್‌ನಿಂದ ದೂರ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಸ್ಪಾರ್ಕ್ ಬರದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕಡಿದು ಜೋಡಿಸುವ ಸಿಬಿ ಪಾಯಿಂಟ್ ಮೇಲಿನ ಕಿಲುಬು. ನುಣುಪು ಎಮರಿ ಪೇಪರ್‌ನಲ್ಲಿ ನಾಲ್ಕು ಸಲ ಉಜ್ಜಿ. ರೇಡಿಯೇಟರ್ ನೀರು, ಹೋಸ್, ಬೆಲ್ಟ್ ನೋಡಿಕೊಳ್ಳಿ. ನಿಂತ ಗಾಡಿಯ ಇಂಜಿನ್ ಬ್ಲಾಕಿನೊಳಗೆ ತುಕ್ಕಿನ ಕೆಸರು ತುಂಬಿರುತ್ತದೆ. ಅದನ್ನು ತೊಳೆಯದಿದ್ದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಡಿ ಕುದಿಯುವುದು ಗ್ಯಾರಂಟಿ.

ಪೆಟ್ರೋಲ್ ಬಗ್ಗೆ ಇನ್ನೊಂದು ವಿಷಯ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ. ನಿಮ್ಮ ಗಾಡಿ ತಯಾರಾದ ಕಾಲದ ರಬ್ಬರ್‌ಗೆ ಅದು ಒಗ್ಗುವುದಿಲ್ಲ. ಹಳೆ ಪೈಪು, ಪಂಪಿನ ಡಯಾಫ್ರಾಮ್ ಮೆತ್ತಗಾಗಿ ಸೋರುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಬೇಗ. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವ ಪೈಪೇ ಬೇಕು ಅಂತ ಕೇಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ತುಂಬಿಸಿ ಇಡಬೇಡಿ.

ಬಿಡಿಭಾಗಕ್ಕೆ ಟೌನ್ ಹಾಲ್ ಕಡೆಯಿಂದ ಜೆ.ಸಿ. ರಸ್ತೆಗೆ ನಡೆದುಕೊಂಡು ಹೋಗಿ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಶನಿವಾರ ಸಂಜೆ ಬೇಡ, ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹೆಸರು ಹೇಳಿ ಕೇಳುವುದಕ್ಕಿಂತ ಹಳೆ ಭಾಗವನ್ನೇ ಚೀಲದಲ್ಲಿ ಒಯ್ದು ಕೌಂಟರ್ ಮೇಲೆ ಇಡಿ. ಪದ್ಮಿನಿಯದು ಒಂದು ಅದೃಷ್ಟ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದಾಗಿನ 1089 ಸಿಸಿ ಇಂಜಿನ್ನೇ ಮುಂದೆ ಪದ್ಮಿನಿಗೂ ಬಂತು. ಜೊತೆಗೆ ಮುಂಬೈಯ ಪದ್ಮಿನಿ ಟ್ಯಾಕ್ಸಿಗಳಿದ್ದವು. ಇಷ್ಟು ದಿನ ಸಾಮಾನು ಸಿಕ್ಕಿದ್ದು ಅವುಗಳ ಪುಣ್ಯದಿಂದ ಅಂತ ನನ್ನ ಲೆಕ್ಕ. ಆ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೋದವು. ಅದಕ್ಕೇ ಲೈಟಿನ ಗ್ಲಾಸು, ಬೀಡಿಂಗ್ ತರಹದ ಸಾಮಾನು ಕಂಡರೆ ಈಗಲೇ ತೆಗೆದಿಡಿ. ಹಳೆಯದನ್ನು ಮಾತ್ರ ಎಸೆಯಬೇಡಿ. ನಾನು ಒರಿಜಿನಲ್ ಕಾರ್ಬ್ಯುರೇಟರ್ ಬಿಸಾಕಿ, ಅಂಥದ್ದೇ ಇನ್ನೊಂದಕ್ಕೆ ಐದು ತಿಂಗಳು ಅಲೆದಿದ್ದೇನೆ.

ಟೈರ್ ಗೋಡೆಯ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ. 2313 ಅಂದರೆ 2013ರ 23ನೇ ವಾರ ತಯಾರಾಗಿದ್ದು. ದಿಮ್ಮಿ ಹಾಗೆ ಕಂಡರೂ ಬದಲಿಸಿ.

ಬಾಡಿ ಕೆಲಸಕ್ಕೆ ಮುಂಚೆ ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ಹಿಡಿದು ಗಾಡಿ ಸುತ್ತಿ. ಅಂಟದ ಕಡೆ ಪುಟ್ಟಿ ಇದೆ, ಅದರ ಕೆಳಗೆ ತಗಡೇ ಇಲ್ಲದಿರಬಹುದು. ಮ್ಯಾಟ್ ಎತ್ತಿ ನೆಲ ನೋಡಿ, ಬಾಗಿಲ ಕೆಳಗಿನ ಪಟ್ಟಿ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ. ಪದ್ಮಿನಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ನೆಲ ತೂತಾಗಿದ್ದರೆ ಗಾಡಿಯ ಬೆನ್ನುಮೂಳೆಯೇ ಸಡಿಲ. ಈ ಕೆಲಸ ನೀವೇ ಮಾಡಬೇಡಿ, ತಗಡಿನ ಕೆಲಸ ಮಾಡುವ ಒಳ್ಳೆ ಟಿಂಕರ್ ಹುಡುಕಿ. ನನ್ನ ಗಾಡಿಯಲ್ಲಿ ಇಂಜಿನ್ನಿಗಿಂತ ದುಡ್ಡು ತಿಂದಿದ್ದು ಟಿಂಕರಿಂಗ್. ಕೊಳೆತ ತಗಡನ್ನು ಕತ್ತರಿಸಿ ಹೊಸದು ಬೆಸೆಯುತ್ತೀರಾ, ಅಥವಾ ಮೇಲೊಂದು ತೇಪೆಯಾ ಅಂತ ಮೊದಲೇ ಕೇಳಿ. ತೇಪೆ ಅಂದರೆ ಬೇರೆ ಕಡೆ ಹೋಗಿ.

ಟಿಂಕರ್‌ಗೆ ಬಿಡುವ ಮುಂಚೆ ಛಾಸಿ ನಂಬರ್ ಇರುವ ಜಾಗ ತೋರಿಸಿ, ಅಲ್ಲಿ ಗ್ರೈಂಡರ್ ತಾಗಬಾರದು, ಪುಟ್ಟಿ ಬೀಳಬಾರದು ಅಂತ ಎರಡು ಸಲ ಹೇಳಿ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆರ್‌ಟಿಒದಲ್ಲಿ ನೋಡುವುದು ಅದನ್ನೇ.

ಆರ್‌ಟಿಒ ಕೆಲಸಕ್ಕೆ ಹುರುಪು ಬರುವುದಿಲ್ಲ, ಆದರೆ ತಡ ಆಗುವುದು ಅಲ್ಲೇ. ದೆಹಲಿ ಸುದ್ದಿ ಕೇಳಿ 15 ವರ್ಷ ದಾಟಿದ ಕಾರು ಓಡಿಸುವ ಹಾಗಿಲ್ಲ ಅಂತ ಹೆದರಬೇಡಿ. ಇಲ್ಲಿ ತಪಾಸಣೆ ಪಾಸಾದರೆ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. ಅದಕ್ಕೆ ಫಾರ್ಮ್ 25. ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಬರಲು ಫಾರ್ಮ್ 31. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ. ತಡ ಮಾಡಿದ ಪ್ರತಿ ತಿಂಗಳಿಗೆ 500 ಬೇರೆ. ನಿಮ್ಮದು ಕೆಎ ಬರುವ ಮುಂಚಿನ ನಂಬರ್ ಆದ್ದರಿಂದ ಕಂಪ್ಯೂಟರ್‌ನಲ್ಲಿ ಇಲ್ಲದಿರಬಹುದು. ಆಗ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರ್‌ಗೆ ಸೇರಿಸುವುದು. ಬಣ್ಣ ಬೇರೆ ಮಾಡಿಸಿದರೆ ಅದೂ ಆರ್‌ಸಿಯಲ್ಲಿ ಬರಬೇಕು. ವಿಂಟೇಜ್ ನಂಬರ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2021ರ ನಿಯಮದ ಪ್ರಕಾರ ಅದು 50 ವರ್ಷ ದಾಟಿದ ಗಾಡಿಗೆ, ನಿಮ್ಮದು 2036ರವರೆಗೆ ಕಾಯಬೇಕು. ಆಮೇಲೂ ಆ ಪ್ಲೇಟ್ ಹಾಕಿಕೊಂಡು ದಿನಾ ಓಡಾಡುವ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಮಾತ್ರ.

ಇನ್ನು ಡಿಸೆಂಬರ್. ಇಂಜಿನ್ ಕೈಗೆ ತಿರುಗಿದರೆ ಬ್ರೇಕ್, ಪೆಟ್ರೋಲ್ ಲೈನ್, ಟೈರ್ ಎಲ್ಲ ಮೂರ್ನಾಲ್ಕು ತಿಂಗಳ ಭಾನುವಾರಗಳಲ್ಲಿ ಮುಗಿಯುತ್ತವೆ. ಟಿಂಕರಿಂಗ್, ಪೇಂಟ್ ಅಷ್ಟರಲ್ಲಿ ಆಗುವುದಿಲ್ಲ. ನೆಲದ ತಗಡು ಗಟ್ಟಿ ಇದ್ದು, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಆಗಿದ್ದರೆ ಹಳೆ ಬಣ್ಣದಲ್ಲೇ ಹೊರಡಿ. ಬೆಳಿಗ್ಗೆ ಆರು ಗಂಟೆಗೆ, ಬನಶಂಕರಿಯಿಂದ ಲಾಲ್‌ಬಾಗ್‌ವರೆಗೆ. ಅಮ್ಮ ಮುಂದಿನ ಸೀಟಿನಲ್ಲೇ ಕೂರಲಿ, ಬ್ರೇಕ್ ಪರೀಕ್ಷೆ ಮಾತ್ರ ಹಿಂದಿನ ದಿನವೇ ನೀವೊಬ್ಬರೇ ಮಾಡಿ.