ಗೋಸಂಪಿಗೆ ಹೂ ಬಿಡುತ್ತಿಲ್ಲ, ಇನ್ನೂ ಗೊಬ್ಬರ ಹಾಕಬೇಕಾ?

ಓದುಗರ ಪ್ರಶ್ನೆ: ಉಡುಪಿಯಲ್ಲಿ ನಮ್ಮ ಅಂಗಳದ ಗೋಸಂಪಿಗೆಗೆ (ದೇವಕಣಗಿಲೆ, ಪ್ಲುಮೇರಿಯಾ) ಈಗ ನಾಲ್ಕು ವರ್ಷ. ಎಲೆ ಸೊಂಪಾಗಿದೆ, ಹೂ ಮಾತ್ರ ಒಂದೂ ಇಲ್ಲ. ತಿಂಗಳಿಗೊಮ್ಮೆ ಸೆಗಣಿ ಗೊಬ್ಬರ, ನಡುವೆ ಯೂರಿಯಾ ಹಾಕುತ್ತೇನೆ. ಡಿಸೆಂಬರಿನಲ್ಲಿ ಎಲೆ ಉದುರಿದರೆ ನೀರು ಜಾಸ್ತಿ ಕೊಡುತ್ತೇನೆ. ಮಳೆಗೆ ಮುಂಚೆ, ಏಪ್ರಿಲ್-ಮೇಯಲ್ಲಿ ಗೆಲ್ಲು ಸವರುತ್ತೇನೆ. ಇನ್ನೇನು ಮಾಡಲಿ?

ಉತ್ತರ: ಒಂದು ವರ್ಷ ಸುಮ್ನೆ ಬಿಟ್ಟುಬಿಡಿ. ತಮಾಷೆಯಲ್ಲ. ನಿಮ್ಮ ಗಿಡಕ್ಕೆ ಆರೈಕೆ ಜಾಸ್ತಿಯಾಗಿದೆ.

ಮೊದಲು ಕತ್ತಿಯ ವಿಷಯ. ಗೋಸಂಪಿಗೆ ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ಮೊಗ್ಗು ಹೊರಡುವ ಹೊತ್ತಿಗೇ ತುದಿ ಸವರಿದರೆ ಹೂ ಎಲ್ಲಿಂದ ಬರಬೇಕು? ಹೂ ಬಿಟ್ಟ ತುದಿ ಆಮೇಲೆ ಎರಡು-ಮೂರು ಕವಲಾಗುತ್ತದೆ, ಆ ಕವಲುಗಳಲ್ಲಿ ಮುಂದೆ ಹೂ. ಸವರಲೇಬೇಕಾದರೆ ಮರ ಬೋಳಾಗಿರುವ ಜನವರಿಯಲ್ಲಿ ಸವರಿ. ಬಿಳಿ ಸೊನೆ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಚರ್ಮಕ್ಕೂ ತುರಿಕೆ ತರುತ್ತದೆ.

ಯೂರಿಯಾ ಬೇಡವೇ ಬೇಡ. ಅದರ ಸಾರಜನಕವೆಲ್ಲ ಎಲೆಗೆ ಹೋಗುತ್ತದೆ. ಮಾರ್ಚ್‌ನಲ್ಲಿ ಚಿಗುರು ಬಂದಾಗ ಒಂದು ಬುಟ್ಟಿ ಹಳೆಯ ಸೆಗಣಿ ಗೊಬ್ಬರ, ಒಂದೆರಡು ಮುಷ್ಟಿ ಒಲೆಯ ಬೂದಿ, ಅಷ್ಟೇ. ನಮ್ಮ ಕೆಂಪು ಮಣ್ಣು ಹುಳಿ, ಬೂದಿ ಅದಕ್ಕೂ ಒಳ್ಳೆಯದು.

ಎಲೆ ಉದುರಿದಾಗ ಹೆದರಬೇಡಿ. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ. ಅಲ್ಲೂ ಮಳೆಗಾಲದ ಹಿಂದೆಯೇ ಉದ್ದದ ಒಣಗಾಲ ಬರುತ್ತದೆ. ಎಲೆ ಕಳಚಿ, ದಪ್ಪ ಗೆಲ್ಲಿನಲ್ಲಿ ಕೂಡಿಟ್ಟ ನೀರಿನಲ್ಲಿ ದಿನ ದೂಡುವುದು ಅದರ ಅಭ್ಯಾಸ. ಮಲಗಿದ ಮಗುವನ್ನು ಎಬ್ಬಿಸಿ ಊಟ ಮಾಡಿಸಿದ ಹಾಗೆ ಆಗ ನೀರು ಹೊಯ್ಯಬೇಡಿ.

ನಮ್ಮಲ್ಲಿ ನಿಜವಾದ ಕಷ್ಟ ಬೇರೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬುಡದಲ್ಲಿ ನೀರು ನಿಂತರೆ ಗೋಸಂಪಿಗೆ ಕೊಳೆಯುತ್ತದೆ. ನನ್ನ ಮೊದಲ ಗಿಡವನ್ನು ಮಾಡಿನ ನೀರು ಬೀಳುವ ಜಾಗದಲ್ಲೇ ನೆಟ್ಟಿದ್ದೆ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ದಿನ ಗೆಲ್ಲು ಒತ್ತಿ ನೋಡಿದರೆ ಬೇಯಿಸಿದ ಬಾಳೆಕಾಯಿಯ ಹಾಗೆ ಮೆತ್ತಗೆ. ಗದ್ದೆ ತುಂಬಿಸಿ ಕಟ್ಟಿದ ಮನೆಗಳ ಅಂಗಳದಲ್ಲಂತೂ ನೀರು ಬೇಗ ಇಂಗುವುದಿಲ್ಲ. ಅಲ್ಲಿ ಒಂದಡಿ ಎತ್ತರದ ದಿಬ್ಬ ಮಾಡಿ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಚೂರು, ಹೊಯಿಗೆ (ಮರಳು) ಬೆರೆಸಿ ನೆಡಬೇಕು. ಕಡಲ ಹೊಯಿಗೆ ಬೇಡ, ಉಪ್ಪಿರುತ್ತದೆ.

ಮಳೆಗಾಲದ ಕೊನೆಗೆ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಮರ ಸಾಯುವುದಿಲ್ಲ. ಬಿದ್ದ ಎಲೆ ಗುಡಿಸಿ ಸುಟ್ಟರಾಯಿತು.

ಬಿಸಿಲು ಹೇಗಿದೆ? ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಹಲಸಿನ ಮರದ ನೆರಳಲ್ಲಿದ್ದರೆ ನಾನು ಹೇಳಿದ್ದೆಲ್ಲ ದಂಡ. ಆಗ ಗಿಡ ಕೀಳುವುದಕ್ಕಿಂತ ಜನವರಿಯಲ್ಲಿ ಒಂದೂವರೆ ಅಡಿಯ ಗೆಲ್ಲು ಕಡಿದು, ಹತ್ತು ದಿನ ನೆರಳಲ್ಲಿ ಗಾಯ ಒಣಗಿಸಿ, ಬಿಸಿಲಿರುವ ಕಡೆ ನೆಡಿ. ಬೇರು ಬರುವವರೆಗೆ ನೀರು ಕಮ್ಮಿ.

ನಿಮ್ಮದು ಗೆಲ್ಲಿನಿಂದ ಬಂದ ಗಿಡವಾ, ಬೀಜದ ಗಿಡವಾ? ಅದನ್ನು ಬರೆದಿಲ್ಲ. ಬೀಜದ್ದಾದರೆ ಹೂವಿಗೆ ಮೂರು-ನಾಲ್ಕು ವರ್ಷ ಹಿಡಿಯುವುದು ಮಾಮೂಲು, ಹೂವಿನ ಬಣ್ಣವೂ ತಾಯಿ ಮರದ ಹಾಗೆಯೇ ಇರಬೇಕೆಂದೇನಿಲ್ಲ.