ಸೊನ್ನೆ ಬರೆಯೋಕೆ ಹಿಂಜರಿಯಬೇಡಿ

"ಸರ್, ನಾವು ಹವಳ ನೆಡೋದು ಯಾವಾಗ?" ಪ್ರತಿ ಸಲವೂ ಮೊದಲ ದಿನವೇ ಈ ಪ್ರಶ್ನೆ ಬರುತ್ತದೆ. ಮಾಲ್ದೀವ್ಸ್‌ನಲ್ಲಿ ಬೋಟಿನ ಡೆಕ್ ಮೇಲೆ ಹೊಸ ತಂಡ ಕೂತಿರುತ್ತದೆ. ಎಲ್ಲರೂ ರಜೆ ಹಾಕಿ, ಸ್ವಂತ ದುಡ್ಡು ಖರ್ಚು ಮಾಡಿ ಬಂದವರು. ನಾವಿಲ್ಲಿ ನೆಡೋದಿಲ್ಲ, ಇರುವ ಹವಳ, ಮೀನುಗಳನ್ನು ಎಣಿಸುತ್ತೇವೆ ಅಂದ ತಕ್ಷಣ ಒಂದಿಬ್ಬರ ಮುಖ ಬಾಡುತ್ತದೆ. ಅಷ್ಟು ದೂರದಿಂದ ಬಂದವರಿಗೆ ಕೈಯಾರೆ ಏನಾದರೂ ಮಾಡಬೇಕು ಅನ್ನಿಸೋದು ಸಹಜ ಅಲ್ವಾ?

ಹವಳದ ದಿಬ್ಬಗಳ ಸಮೀಕ್ಷೆಗೆ ಸ್ಕೂಬಾ ಡೈವರ್‌ಗಳನ್ನು ತಯಾರು ಮಾಡೋದು ನನ್ನ ಕೆಲಸ. ನಾವು ಬಳಸೋದು ರೀಫ್ ಚೆಕ್ ವಿಧಾನ. ವಿಜ್ಞಾನಿಗಳು ಎಲ್ಲ ಕಡೆ ಇರೋಕಾಗೋದಿಲ್ಲ, ಡೈವರ್‌ಗಳು ಇರುತ್ತಾರೆ, ಅವರಿಗೇ ಕಲಿಸೋಣ ಅಂತ ಸಾಗರ ವಿಜ್ಞಾನಿ ಗ್ರೆಗರ್ ಹಾಡ್ಸನ್ 1996ರಲ್ಲಿ ಇದನ್ನು ಶುರು ಮಾಡಿದರು. 1997ರಲ್ಲಿ ಮೊದಲ ಬಾರಿಗೆ ಹಲವು ದೇಶಗಳಲ್ಲಿ ಎಣಿಕೆ ನಡೆಯಿತು. ಮರುವರ್ಷವೇ, 1998ರಲ್ಲಿ, ಸಮುದ್ರ ಕಾದು ಮಾಲ್ದೀವ್ಸ್‌ನ ಆಳ ಕಡಿಮೆ ಇರುವ ಜಾಗಗಳಲ್ಲಿ ಬಹುಪಾಲು ಹವಳ ಸತ್ತುಹೋಯಿತು. ಮುಂಚೆ ಏನಿತ್ತು ಅಂತ ಯಾರೋ ಬರೆದಿಟ್ಟಿದ್ದರೆ ಮಾತ್ರ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಒಂದೇ ಆಳದಲ್ಲಿ ನೂರು ಮೀಟರ್ ಟೇಪ್ ಹಾಸುತ್ತೇವೆ. ಅದರಲ್ಲಿ 20 ಮೀಟರಿನ ನಾಲ್ಕು ತುಂಡು, ಮಧ್ಯೆ ಐದೈದು ಮೀಟರ್ ಖಾಲಿ. ಟೇಪ್ ಹಾಸುವಾಗ ಮೀನುಗಳು ಬೆದರಿರುತ್ತವೆ, ಅದಕ್ಕೆ ಕಾಲು ಗಂಟೆ ಕಾಯುತ್ತೇವೆ. ಮೊದಲು ಮೀನು ಎಣಿಸುವ ಜೋಡಿ ಹೋಗುತ್ತದೆ. ಹಿಂದೆ ಶಂಖ, ಸಿಗಡಿ, ನಕ್ಷತ್ರಮೀನುಗಳನ್ನು ನೋಡುವವರು. ಕೊನೆಗೆ ತಳ ನೋಡುವವರು.

ತಳ ನೋಡುವವರ ಕೈಲಿ ದಾರಕ್ಕೆ ಕಟ್ಟಿದ ಸಣ್ಣ ಲೋಹದ ಗುಂಡು ಇರುತ್ತದೆ, ಗಾರೆ ಕೆಲಸದವರ ತೂಗುಗುಂಡಿನ ಹಾಗೆ. ಪ್ರತಿ ಅರ್ಧ ಮೀಟರಿಗೆ ಅದನ್ನು ಟೇಪ್ ಪಕ್ಕ ಇಳಿಬಿಡಬೇಕು. ಅದು ಎಲ್ಲಿ ಮುಟ್ಟುತ್ತದೋ ಅದನ್ನೇ ಬರೆಯಬೇಕು: ಗಟ್ಟಿ ಹವಳ, ಮೆತ್ತನೆ ಹವಳ, ಬಂಡೆ, ಚೂರು, ಮರಳು. ಒಟ್ಟು 160 ಬಿಂದುಗಳು. ಗುಂಡು ಯಾಕೆ, ಕಣ್ಣಳತೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ನಮ್ಮ ಕಣ್ಣು ಗೊತ್ತಿಲ್ಲದ ಹಾಗೆ ಚೆಂದದ ಕಡೆಗೆ ಜಾರುತ್ತದೆ. ಮರಳಿನ ಪಕ್ಕದಲ್ಲೇ ನೀಲಿ ತುದಿಯ ಕವಲು ಹವಳ ಇದ್ದರೆ ಬೆರಳು ತಾನಾಗಿ ಹವಳ ಅಂತ ಬರೆದುಬಿಡುತ್ತದೆ. ಗುಂಡಿಗೆ ಆ ಆಸೆ ಇಲ್ಲ.

ಹೊಸಬರು ಜಾಸ್ತಿ ಎಡವೋದು ಬಿಳಿ ಹವಳದ ಹತ್ತಿರ. ಬಿಳಿ ಅಂದರೆ ಸತ್ತಿದೆ ಅಂತ ಬರೆದುಬಿಡುತ್ತಾರೆ. ಹವಳದ ಮೈಯೊಳಗೆ ಒಂದು ಸೂಕ್ಷ್ಮ ಪಾಚಿ ಇರುತ್ತದೆ. ಹವಳಕ್ಕೆ ಬಣ್ಣವೂ ಊಟದ ಬಹುಪಾಲೂ ಅದರಿಂದಲೇ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೂ ಹವಳ ಆ ಪಾಚಿಯನ್ನು ಹೊರಹಾಕಿಬಿಡುತ್ತದೆ. ಆಗ ಒಳಗಿನ ಸುಣ್ಣದ ಬಿಳುಪು ಕಾಣುತ್ತದೆ, ಆದರೆ ಜೀವ ಇನ್ನೂ ಇದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಹತ್ತಿರ ಹೋಗಿ ನೋಡಿ. ಮೇಲೆ ತೆಳುವಾದ ಗಾಜಿನಂಥ ಮಾಂಸದ ಪದರ ಇದ್ದರೆ ಅದು ಬದುಕಿದೆ. ಪದರ ಹೋಗಿ ನವುರಾದ ಹಸಿರು ಕೂದಲಿನಂಥ ಪಾಚಿ ಹತ್ತಿದ್ದರೆ ಈಚೆಗೆ ಸತ್ತದ್ದು. ಮಾಲ್ದೀವ್ಸ್ 2016ರಲ್ಲೂ 2024ರಲ್ಲೂ ಮತ್ತೆ ಬಿಳಿಚಿತು. ಅಂಥ ವರ್ಷಗಳಲ್ಲಿ ಈ ಒಂದು ವ್ಯತ್ಯಾಸ ತಪ್ಪಿದರೆ ಇಡೀ ಹಾಳೆ ಸುಳ್ಳಾಗುತ್ತದೆ.

ಮೀನಿನ ಲೆಕ್ಕಕ್ಕೂ ನಿಯಮ ಇದೆ. ಗ್ರೂಪರ್, ನಮ್ಮ ಕರಾವಳಿಯಲ್ಲಿ ಮುರು ಅಂತೀವಲ್ಲ, ಅದು 30 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಮಾತ್ರ ಲೆಕ್ಕಕ್ಕೆ. ನೀರೊಳಗೆ ಎಲ್ಲವೂ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಬೇರೆ ಬೇರೆ ಉದ್ದದ ಪೈಪ್ ತುಂಡುಗಳನ್ನು ನೀರಲ್ಲಿ ತೂಗುಹಾಕಿ ಅಂದಾಜು ಹೇಳಿಸುತ್ತೇನೆ. ಮೊದಲ ದಿನ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. ಮೂರನೇ ದಿನದ ಹೊತ್ತಿಗೆ ಕಣ್ಣು ಪಳಗುತ್ತದೆ.

ಒಮ್ಮೆ ಮೈಸೂರಿನ ಕಡೆಯ ಒಬ್ಬ ಹುಡುಗಿ ಮೀನಿನ ಹಾಳೆ ಹಿಡಿದು ಮೇಲೆ ಬಂದಳು. ಗ್ರೂಪರ್ ಸಾಲಿನ ನಾಲ್ಕೂ ಮನೆಯಲ್ಲಿ ಸೊನ್ನೆ. "ನಾನು ಸರಿಯಾಗಿ ನೋಡಲಿಲ್ಲ ಅನ್ಸುತ್ತೆ ಸರ್, ಒಂದಾದ್ರೂ ಬರೀಲಾ?" ಅಂದಳು. ಕಣ್ಣಲ್ಲಿ ನೀರಿತ್ತು. ಜೊತೆಗಿದ್ದವನನ್ನು ಕೇಳಿದೆ, ಅವನಿಗೂ ಕಂಡಿರಲಿಲ್ಲ. ಬೇಡಮ್ಮ, ಸೊನ್ನೆಯೇ ಇರಲಿ ಅಂದೆ. ಮಾಲ್ದೀವ್ಸ್ ಜನ ಹೆಚ್ಚಾಗಿ ತಿನ್ನೋದು ಟ್ಯೂನಾ. ಆದರೆ 1990ರ ದಶಕದಿಂದ ಗ್ರೂಪರ್ ಅನ್ನು ರಫ್ತಿಗೆ ಹಿಡಿಯೋದು ಜಾಸ್ತಿಯಾಯಿತು. ಈ ಮೀನುಗಳಲ್ಲಿ ಬಹಳಷ್ಟು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಆರಿಸಿ ಹಿಡಿಯುತ್ತಾ ಹೋದರೆ ಸಂತಾನಕ್ಕೆ ಗಂಡೇ ಸಾಲದು. ಆ ಹುಡುಗಿಯ ನಾಲ್ಕು ಸೊನ್ನೆಗಳು ಅದನ್ನೇ ಹೇಳುತ್ತಿರಬಹುದು. ಅವಳು ಮನಸ್ಸಿನ ಸಮಾಧಾನಕ್ಕೆ ಒಂದು ಮೀನು ಸೇರಿಸಿದ್ದರೆ ಆ ಮಾತು ಅಲ್ಲೇ ಮುಚ್ಚಿಹೋಗುತ್ತಿತ್ತು.

ಹವಳ ನೆಡುವುದರ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಲಂಗರು ಬಿದ್ದು ಮುರಿದ ಸಣ್ಣ ಜಾಗಗಳಲ್ಲಿ ಅದರಿಂದ ಉಪಯೋಗ ಇದೆ. ಬಿಸಿಯಿಂದ ಸತ್ತ ಕಡೆ, ಮುಂದಿನ ಬಿಸಿಗೆ ನೆಟ್ಟದ್ದೂ ಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಫೋಟೋಗೆ ಚೆನ್ನಾಗಿರುತ್ತದೆ ಅಂತ ಮಾತ್ರ ನೆಡಿಸುವ ಪ್ಯಾಕೇಜುಗಳಿಗೆ ದುಡ್ಡು ಕೊಡಬೇಡಿ. ಸೇರುವ ಮುಂಚೆ ಎರಡು ವಿಷಯ ಕೇಳಿ. ಪ್ರತಿ ವರ್ಷ ಅದೇ ಜಾಗಕ್ಕೆ ಹೋಗುತ್ತೀರಾ? ನಾವು ಬರೆದ ಅಂಕಿಅಂಶ ಯಾರ ಕೈ ಸೇರುತ್ತದೆ? ಉತ್ತರ ತಡವರಿಸಿದರೆ ಬೇರೆ ತಂಡ ಹುಡುಕಿ.

ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಒಂದು ಸಲ ನೀರಿಗಿಳಿದವರು ನನಗೂ ಡೈವಿಂಗ್ ಬರುತ್ತೆ ಅಂತ ಬರೆಯುತ್ತಾರೆ. ತುಂಬಾ ಖುಷಿ. ಆದರೆ ಅಲ್ಲಿ ತರಬೇತುದಾರರು ನಿಮ್ಮನ್ನು ಹಿಡಿದುಕೊಂಡಿದ್ದರು. ಸಮೀಕ್ಷೆಗೆ ಕನಿಷ್ಠ ಓಪನ್ ವಾಟರ್ ಸರ್ಟಿಫಿಕೇಟ್, ಅಂದರೆ ಡೈವಿಂಗ್ ಕಲಿಕೆಯ ಮೊದಲ ಹಂತದ್ದು, ಬೇಕು, ನಾವು ಕೆಲಸ ಮಾಡೋದು 12 ಮೀಟರಿನೊಳಗೆ, ಅದಕ್ಕೆ ಅದು ಸಾಕು. ಅದಕ್ಕಿಂತ ಮುಖ್ಯ, ನೀರಿನ ಮಧ್ಯೆ ಅಲ್ಲಾಡದೆ ತೇಲಿ ನಿಲ್ಲೋದು. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ, ಕೈ ಆಡಿಸದೆ, ತಲೆ ತಗ್ಗಿಸಿ ಬರೆಯುತ್ತಾ. ಗುಂಡುಕಲ್ಲಿನಂಥ ಪೊರೈಟಿಸ್ ಹವಳ ವರ್ಷಕ್ಕೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ಕಾಲಿನ ಫಿನ್ ಒಮ್ಮೆ ಬಡಿದರೆ ಎಷ್ಟು ವರ್ಷ ಹೋಯಿತು ಲೆಕ್ಕ ಹಾಕಿ.

ಹೊರಡುವ ಮುಂಚೆ ಹತ್ತಿರದ ಈಜುಕೊಳದಲ್ಲಿ ಸ್ಲೇಟು ಹಿಡಿದು ಬರೆಯೋದನ್ನು ಅಭ್ಯಾಸ ಮಾಡಿ. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜುಡುಗೆ ತನ್ನಿ. ಕೊನೆಯ ಡೈವ್ ಆಗಿ ಒಂದು ದಿನ ಪೂರ್ತಿ ಬಿಟ್ಟು ವಾಪಸ್ ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಿಸಿ. ಮರದ ಪೆನ್ಸಿಲ್ ಎರಡು ಇರಲಿ, ಎರಡನ್ನೂ ಸ್ಲೇಟಿಗೆ ದಾರದಿಂದ ಕಟ್ಟಿ.