ಗಿರಿಯ ಮೇಲೆ ಯಾವ ಗಿಡ ನೆಡಬೇಕು?

ಪ್ರಶ್ನೆ: ಮುಳ್ಳಯ್ಯನಗಿರಿ ಕಡೆ ಗುಡ್ಡಗಳೆಲ್ಲ ಬೋಳಾಗಿವೆ. ಈ ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ಸಾವಿರ ಗಿಡ ನೆಡೋಣ ಅಂತಿದ್ದೇವೆ. ಯಾವ ಗಿಡ ಒಳ್ಳೇದು?

ಉತ್ತರ: ಯಾವುದೂ ಬೇಡ. ದಯವಿಟ್ಟು ಅಲ್ಲಿ ನೆಡಬೇಡಿ. ಮಳೆ ಹಿಡಿದ ಕೂಡಲೇ ಈ ಪ್ರಶ್ನೆ ಬರುತ್ತದೆ, ನಾನೂ ಪ್ರತಿ ವರ್ಷ ಇದನ್ನೇ ಬರೆಯುತ್ತೇನೆ.

ಆ ಗುಡ್ಡ ಬೋಳಲ್ಲ. ಯಾರೋ ಮರ ಕಡಿದದ್ದರಿಂದ ಹಾಗಾಗಿದ್ದೂ ಅಲ್ಲ. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಜೋರು. ಅಲ್ಲಿ ಹುಲ್ಲೇ ಬೆಳೆಯಬೇಕು. ಕೆಳಗೆ ನೀರು ಇಳಿಯುವ ಕಣಿವೆ ನೋಡಿ, ಕಪ್ಪಗೆ ಒತ್ತಾಗಿ ಶೋಲಾ, ಅಂದರೆ ಬೆಟ್ಟದ ಕಣಿವೆಯ ಕಾಡು ನಿಂತಿದೆ. ಎರಡೂ ಸೇರಿಯೇ ಗಿರಿ. ಊಟಿ ಕಡೆಯ ಇಂಥದೇ ಬೆಟ್ಟಗಳ ಜೌಗು ಮಣ್ಣನ್ನು ಪರೀಕ್ಷಿಸಿದವರು 20,000 ವರ್ಷದ ಹಿಂದೆಯೂ ಅಲ್ಲಿ ಹುಲ್ಲಿತ್ತು ಎಂದು ಕಂಡುಕೊಂಡಿದ್ದಾರೆ. ಯಾರೂ ಕಾಡು ಕಡಿದು ಬೇಸಾಯ ಮಾಡದಿದ್ದ ಕಾಲ ಅದು!

'ಹುಲ್ಲು ನೀರು ಹಿಡಿಯಲ್ಲ ಅಲ್ವಾ?' ಎಂದು ಕೇಳುವವರೂ ಇದ್ದಾರೆ. ಹಿಡಿಯುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹೆಣೆದು ಇಟ್ಟುಕೊಂಡಿರುತ್ತದೆ. ಮಳೆನೀರು ಮೆಲ್ಲಗೆ ಇಂಗಿ ಕಣಿವೆಗೆ ಬರುತ್ತದೆ. ಹಾಸನದವರು ನಂಬಿಕೊಂಡಿರುವ ಹೇಮಾವತಿ ಹುಟ್ಟುವುದೂ ಬಲ್ಲಾಳರಾಯನ ದುರ್ಗದ ಹತ್ತಿರ, ಇಂಥ ಹುಲ್ಲುಗುಡ್ಡಗಳ ಸೀಮೆಯಲ್ಲೇ. ಊಟಿ ಕಡೆ ಹುಲ್ಲಿದ್ದ ಜಾಗಕ್ಕೆ ನೀಲಗಿರಿ ಮರ ನೆಟ್ಟ ಮೇಲೆ ಹಳ್ಳದ ನೀರು ಕಡಿಮೆಯಾದದ್ದನ್ನು ಅಳೆದೇ ನೋಡಿದ್ದಾರೆ. 2022ರಲ್ಲಿ ಬಾಬಾಬುಡನ್‌ಗಿರಿ ಕುರಿಂಜಿ ಹೂವಿನಿಂದ ನೀಲಿಯಾಗಿತ್ತಲ್ಲ, ನೀವೂ ಫೋಟೋ ತೆಗೆದುಕೊಂಡಿರಬಹುದು. ಆ ಇಳಿಜಾರಿನಲ್ಲಿ ಅಕೇಶಿಯಾ ನೆಟ್ಟಿದ್ದರೆ ನೆರಳಲ್ಲಿ ಆ ಹೂವು ಎಲ್ಲಿಂದ ಬರಬೇಕು?

ನೆಡಲೇಬೇಕೆಂಬ ಆಸೆ ಒಳ್ಳೆಯದೇ. ಹಳ್ಳದ ದಂಡೆಗೆ ನೆಡಿ. ಪಾಳುಬಿದ್ದ ತೋಟಕ್ಕೆ, ಎರಡು ಕಾಡಿನ ನಡುವೆ ಕೊಂಡಿ ಕಡಿದುಹೋದ ಜಾಗಕ್ಕೆ ನೆಡಿ. ಮೊದಲು ಲಂಟಾನ ಕಳೆ ಕೀಳಬೇಕು. ಬೀಜ ಅಕ್ಕಪಕ್ಕದ ಕಾಡಿನದೇ ಆಗಲಿ. ಅತ್ತಿ, ಬಸರಿ, ನೇರಳೆ ಹಾಕಿದರೆ ಹಣ್ಣಿಗೆ ಮಂಗಟ್ಟೆ ಹಕ್ಕಿ, ಬಾವಲಿ ಬರುತ್ತವೆ. ಅವು ಉದುರಿಸುವ ಬೀಜ ನಿಮ್ಮ ಸಾವಿರ ಗಿಡಕ್ಕಿಂತ ಜಾಸ್ತಿ. ನೆಟ್ಟ ಮೇಲೆ ಮೂರು ವರ್ಷವಾದರೂ ಕಳೆ ತೆಗೆಯಿರಿ. ಫೋಟೋ ತೆಗೆದು ಸುಮ್ನೆ ಬಂದುಬಿಟ್ಟರೆ ಬೇಸಿಗೆಗೆ ಸಸಿ ಕೊಟ್ಟೆಯ ಪ್ಲಾಸ್ಟಿಕ್ ಮಾತ್ರ ಉಳಿದಿರುತ್ತದೆ.

ಹಾಗಾದರೆ ಕಾಡಿಗೆ ಹಲಸು ಹಾಕಿದರೆ ಆಲೂರು, ಸಕಲೇಶಪುರದ ತೋಟಕ್ಕೆ ಆನೆ ಬರುವುದು ನಿಲ್ಲುತ್ತದಾ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಲ್ಲುವುದಿಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹಲಸು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ದಿನ ಅದು ತಿನ್ನುವುದು ಬಿದಿರು, ತೊಗಟೆ, ಮತ್ತೆ ನೀವು ಬೋಳು ಅಂದಿರಲ್ಲ, ಆ ಹುಲ್ಲು.